ಸಣ್ಣ ಪದ, ನೂರಾರು ಅರ್ಥ: ಇಂಗ್ಲಿಷ್ ನಿಘಂಟುಗಾರಿಕೆ ನಡೆದು ಬಂದ ದಾರಿ

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟು ಎಂದು ವಿದ್ವಾಂಸರು ಗುರುತಿಸುವುದು 1604ರಲ್ಲಿ ಪ್ರಕಟವಾದ ‘ಎ ಟೇಬಲ್ ಆಲ್ಫಬೆಟಿಕಲ್’ ಎಂಬ ಪುಟ್ಟ ಪುಸ್ತಕವನ್ನು. ರಾಬರ್ಟ್ ಕಾಡ್ರಿ ಎಂಬ ಶಾಲಾಮಾಸ್ತರ ಸಿದ್ಧಪಡಿಸಿದ ಅದರಲ್ಲಿ ಇದ್ದದ್ದು ಸುಮಾರು 2,500 ಪದ, ಎಲ್ಲವೂ ಕಠಿಣ ಪದಗಳೇ. ‘ಸೆಟ್’, ‘ರನ್’, ‘ಟೇಕ್’, ‘ಗೋ’ ಮುಂತಾಗಿ ಮನೆಮಂದಿಯೆಲ್ಲ ಆಡುವ ಮಾತುಗಳಿಗೆ ಅಲ್ಲಿ ಜಾಗವಿರಲಿಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೆಯ ಆವೃತ್ತಿಯನ್ನು ತೆರೆದರೆ ‘ಸೆಟ್’ ಎಂಬ ಮೂರಕ್ಷರದ ಪದಕ್ಕೆ 430 ಅರ್ಥಗಳಿವೆ; ಅವುಗಳ ವಿವರಣೆಗೆ ಸುಮಾರು 60,000 ಪದಗಳು ಖರ್ಚಾಗಿವೆ. ಒಂದು ಮಧ್ಯಮ ಗಾತ್ರದ ಕಾದಂಬರಿಯಷ್ಟು ಬರಹ ಒಂದೇ ಪದಕ್ಕೆ! ಈ ಎರಡು ಪುಸ್ತಕಗಳ ನಡುವಿನ ಸುಮಾರು 400 ವರ್ಷಗಳಲ್ಲಿ ‘ಸೆಟ್’ ಹೊಸ ಅರ್ಥಗಳನ್ನು ಗಳಿಸಿಕೊಂಡದ್ದು ನಿಜ. ಆದರೆ ಸೊನ್ನೆಯಿಂದ 430ಕ್ಕೆ ಏರಿದ್ದು ಆ ಗಳಿಕೆಯೊಂದರಿಂದಲೇ ಅಲ್ಲ. ಕಾಡ್ರಿಯ ಕಾಲಕ್ಕಾಗಲೇ ಸೂರ್ಯ ಮುಳುಗುವುದಕ್ಕೂ ಊಟದ ಮೇಜು ಅಣಿಗೊಳಿಸುವುದಕ್ಕೂ ಜನ ಅದೇ ಪದವನ್ನು ಬಳಸುತ್ತಿದ್ದರು. ಹೆಚ್ಚಾಗಿ ಬದಲಾದದ್ದು ನೋಡುವ ಕಣ್ಣು. ಸಾಮಾನ್ಯ ಪದವೂ ವಿಚಾರಣೆಗೆ ಅರ್ಹ, ಅದರ ಒಂದೊಂದು ಅರ್ಥದ ಹಿಂದೆಯೂ ಜನಜೀವನದ ಒಂದೊಂದು ಅಧ್ಯಾಯವಿದೆ ಎಂಬ ತಿಳಿವಳಿಕೆಯನ್ನು ನಿಘಂಟುಕಾರರೆಂಬ ಕಸುಬುದಾರರು ತಲೆಮಾರುಗಳ ದುಡಿಮೆಯಿಂದ ಸಂಪಾದಿಸಿದರು. ಪದವೊಂದಕ್ಕೆ ಹಲವು ಅರ್ಥವಿರುವುದನ್ನು ಭಾಷೆಯ ಗೊಂದಲವೆಂದು ನೋಡುವುದಕ್ಕಿಂತ ಚರಿತ್ರೆಯ ದಾಖಲೆಯೆಂದು ಓದುವುದೇ ಸರಿ ಎಂಬುದಕ್ಕೆ ಈ ಕಸುಬಿನ ಕಥೆಯೇ ಆಧಾರ.

ಕಾಡ್ರಿ ಸಾಮಾನ್ಯ ಪದಗಳನ್ನು ಕೈಬಿಟ್ಟದ್ದು ಅಸಡ್ಡೆಯಿಂದಲ್ಲ. ಹದಿನಾರನೆಯ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್ ಭಾಷೆಗಳಿಂದ ಸಾವಿರಾರು ಪದಗಳು ಇಂಗ್ಲಿಷಿಗೆ ಬಂದು ಸೇರಿದ್ದವು. ಗುರುಕುಲಗಳಂತಿದ್ದ ಲ್ಯಾಟಿನ್ ಶಾಲೆಗಳಲ್ಲಿ ಓದದವರಿಗೆ ಧರ್ಮಬೋಧೆಯಲ್ಲೂ ಪುಸ್ತಕಗಳಲ್ಲೂ ಎದುರಾಗುವ ಈ ಪದಗಳು ತೊಡಕಾಗಿದ್ದವು. ಹೆಂಗಸರಿಗೂ ಹೆಚ್ಚು ಓದಿಲ್ಲದವರಿಗೂ ನೆರವಾಗಲೆಂದು ಈ ಪುಸ್ತಕ ಎಂದು ಕಾಡ್ರಿ ತನ್ನ ಮುಖಪುಟದಲ್ಲೇ ಹೇಳಿಕೊಂಡಿದ್ದಾನೆ. ಕಠಿಣ ಪದಕ್ಕೆ ಸುಲಭ ಪದವೊಂದನ್ನು ಪಕ್ಕದಲ್ಲಿಟ್ಟರೆ ಅವನ ಕೆಲಸ ಮುಗಿಯಿತು. ಆ ಸುಲಭ ಪದದ ಅರ್ಥವೇನು ಎಂದು ಕೇಳುವವರು ಯಾರೂ ಇರಲಿಲ್ಲ, ಏಕೆಂದರೆ ಅದನ್ನು ತಾಯಿಯ ಬಾಯಿಂದಲೇ ಕಲಿತಿರುತ್ತಾರೆ. ಒಂದು ಪದಕ್ಕೆ ಹಲವು ಅರ್ಥವಿರುತ್ತದೆ ಎಂಬುದು ಹಿಂದಿನವರಿಗೆ ತಿಳಿದಿರಲಿಲ್ಲ ಎಂದೇನೂ ಅಲ್ಲ. ನಮ್ಮ ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗ ಎಂಬ ಭಾಗವೇ ಇದೆ. ಅಲ್ಲಿ ಅನೇಕಾರ್ಥವುಳ್ಳ ಪದಗಳನ್ನು ಅಂತ್ಯಾಕ್ಷರದ ಕ್ರಮದಲ್ಲಿ ಜೋಡಿಸಲಾಗಿದೆ. ಆದರೆ ಅದು ಬಾಯಿಪಾಠ ಮಾಡಿ ಕಾವ್ಯ ಓದುವವರಿಗೂ ಬರೆಯುವವರಿಗೂ ಒದಗಲೆಂದು ಕಟ್ಟಿದ ಪಟ್ಟಿ. ಯಾವ ಅರ್ಥ ಮೊದಲು ಬಂತು, ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಎಂದು ವಿಚಾರಿಸುವುದು ಅದರ ಉದ್ದೇಶವಾಗಿರಲಿಲ್ಲ. ಅರ್ಥಗಳನ್ನು ಪಟ್ಟಿ ಮಾಡುವುದು ಬೇರೆ, ಅವುಗಳ ವಂಶಾವಳಿಯನ್ನು ಹುಡುಕುವುದು ಬೇರೆ. ಇಂಗ್ಲಿಷ್ ನಿಘಂಟುಗಾರಿಕೆಯ ಚರಿತ್ರೆ ಎಂದರೆ ಮೊದಲನೆಯದರಿಂದ ಎರಡನೆಯದರ ಕಡೆಗೆ ನಡೆದ ಪಯಣ.

ಆ ಪಯಣದ ಒಂದು ಹೆಜ್ಜೆಯನ್ನು ಇಟ್ಟವರು ಪದಗಳ ಅನೇಕಾರ್ಥವನ್ನು ದೋಷವೆಂದೇ ಭಾವಿಸಿದ್ದವರು ಎಂಬುದು ಗಮನಿಸಬೇಕಾದ ಸಂಗತಿ. ಲಂಡನ್ನಿನ ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನಾದ ಜಾನ್ ವಿಲ್ಕಿನ್ಸ್ 1668ರಲ್ಲಿ ಒಂದು ತಾತ್ತ್ವಿಕ ಭಾಷೆಯ ಯೋಜನೆಯನ್ನು ಪ್ರಕಟಿಸಿದ. ಒಂದು ವಸ್ತುವಿಗೆ ಒಂದೇ ಸಂಕೇತ, ಒಂದು ಸಂಕೇತಕ್ಕೆ ಒಂದೇ ಅರ್ಥ ಎಂಬ ನಿಯಮದ ಮೇಲೆ ಅವನು ಭಾಷೆಯನ್ನೇ ಹೊಸದಾಗಿ ಕಟ್ಟಲು ಹೊರಟಿದ್ದ. ಇಂಗ್ಲಿಷನ್ನು ಆ ಭಾಷೆಗೆ ತಿರುಗಿಸಬೇಕಾದರೆ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಎಷ್ಟು ಅರ್ಥಗಳಿವೆ ಎಂದು ಮೊದಲು ಬಿಡಿಸಿ ನೋಡಲೇಬೇಕಿತ್ತು. ಅದಕ್ಕಾಗಿ ವಿಲಿಯಂ ಲಾಯ್ಡ್ ಎಂಬಾತ ಒಂದು ಅಕಾರಾದಿ ನಿಘಂಟನ್ನು ಸಿದ್ಧಪಡಿಸಿ ಆ ಗ್ರಂಥದ ಕೊನೆಗೆ ಸೇರಿಸಿದ. ಕಠಿಣ ಪದಗಳ ನಿಘಂಟುಗಳು ತಿರುಗಿಯೂ ನೋಡದಿದ್ದ ಸಾಮಾನ್ಯ ಕ್ರಿಯಾಪದಗಳು ಅಲ್ಲಿ ತಮ್ಮ ಬೇರೆ ಬೇರೆ ಅರ್ಥಗಳೊಂದಿಗೆ ಹರಡಿಕೊಂಡಿವೆ. ವಿಲ್ಕಿನ್ಸನ ಭಾಷೆಯನ್ನು ಯಾರೂ ಆಡಲಿಲ್ಲ. ಅದನ್ನು ಕಟ್ಟುವ ದಾರಿಯಲ್ಲಿ ಮಾಡಿದ ವಿಂಗಡಣೆ ಮಾತ್ರ ಒಂದು ಸತ್ಯವನ್ನು ಹೊರಗೆಳೆಯಿತು: ತೊಡಕು ಇರುವುದು ಅಪರೂಪದ ಪದಗಳಲ್ಲಿ ಅಲ್ಲ, ನಿತ್ಯ ಬಳಸುವ ಪದಗಳಲ್ಲಿ.

1702ರಲ್ಲಿ ಜೆ.ಕೆ. ಎಂಬ ಸಂಕೇತಾಕ್ಷರದಲ್ಲಿ, ಬಹುಶಃ ಜಾನ್ ಕರ್ಸಿಯಿಂದ, ಬಂದ ನಿಘಂಟು ಸಾಮಾನ್ಯ ಪದಗಳಿಗೂ ಬಾಗಿಲು ತೆರೆಯಿತು. 1721ರಲ್ಲಿ ನಥಾನಿಯಲ್ ಬೇಲಿಯ ದೊಡ್ಡ ನಿಘಂಟು ಬಂತು. ಆದರೆ ಜಾಗ ಕೊಟ್ಟ ಮಾತ್ರಕ್ಕೆ ಗಮನ ಕೊಟ್ಟಂತಾಗಲಿಲ್ಲ. ಎಲ್ಲರಿಗೂ ತಿಳಿದ ಪ್ರಾಣಿ, ಎಲ್ಲರಿಗೂ ತಿಳಿದ ಗಿಡ ಎಂಬ ಬಗೆಯ ವಿವರಣೆಗಳಲ್ಲೇ ಆ ಪದಗಳು ಮುಗಿದುಹೋಗುತ್ತಿದ್ದವು. ಪದವೊಂದರ ಅರ್ಥಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಕ್ರಮಬದ್ಧವಾಗಿ ಬೇರ್ಪಡಿಸಿದವನು ಬೆಂಜಮಿನ್ ಮಾರ್ಟಿನ್. ಅವನ ನಿಘಂಟು ಬಂದದ್ದು 1749ರಲ್ಲಿ. ಅವನು ವೃತ್ತಿಯಿಂದ ಸೂಕ್ಷ್ಮದರ್ಶಕ ಮುಂತಾದ ವೈಜ್ಞಾನಿಕ ಉಪಕರಣಗಳನ್ನು ತಯಾರಿಸುತ್ತಿದ್ದವನು, ಊರೂರು ತಿರುಗಿ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದವನು. ಇಂದು ಯಾವ ನಿಘಂಟನ್ನು ತೆರೆದರೂ ಕಾಣುವ ಅಂಕೆಗಳಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಅವನ್ನು ಒಬ್ಬರು ಮೊದಲು ಯೋಚಿಸಿ ಜಾರಿಗೆ ತರಬೇಕಾಯಿತು ಎಂಬುದೇ ಹೊಳೆಯುವುದಿಲ್ಲ. ಆ ಅಂಕೆಗಳ ಅಭಿಪ್ರಾಯವೇನು? ಪದವೊಂದರ ಬಳಕೆಯನ್ನು ಬಿಡಿ ಭಾಗಗಳಾಗಿ ನೋಡಬಹುದು, ಆ ಭಾಗಗಳಿಗೆ ಒಂದು ಅನುಕ್ರಮವಿದೆ ಎಂದು. ಅನುಕ್ರಮ ಯಾವುದಿರಬೇಕು ಎಂಬ ಪ್ರಶ್ನೆ ಹುಟ್ಟಿದ ಕ್ಷಣದಿಂದಲೇ ನಿಘಂಟುಕಾರ ಚರಿತ್ರಕಾರನೂ ಆಗಬೇಕಾಯಿತು.

ಸ್ಯಾಮ್ಯುಯೆಲ್ ಜಾನ್ಸನ್ 1747ರಲ್ಲಿ ಪ್ರಕಟಿಸಿದ ತನ್ನ ಯೋಜನಾಪತ್ರದಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದ. ಮೊದಲು ಪದದ ಮೂಲಾರ್ಥ, ಆಮೇಲೆ ಅದರಿಂದ ಹೊಮ್ಮಿದ ಅರ್ಥ, ಆಮೇಲೆ ರೂಪಕವಾಗಿ ಬಂದ ಅರ್ಥ. ಅವನು ಕೊಟ್ಟ ಉದಾಹರಣೆ ‘ಅರೈವ್’. ಅದರ ಹುಟ್ಟು ಲ್ಯಾಟಿನ್ನಿನ ದಡ ಎಂಬರ್ಥದ ಪದದಲ್ಲಿ. ಹಡಗಿನಲ್ಲಿ ಬಂದು ದಡ ಮುಟ್ಟುವುದು ಎಂಬುದು ಮೊದಲ ಅರ್ಥ. ನೆಲದ ಮೇಲೆ ಪ್ರಯಾಣ ಮಾಡಿ ಊರು ಸೇರುವುದು ಆಮೇಲಿನದು. ಬಯಸಿದ್ದನ್ನು ಪಡೆಯುವುದು ಅದಕ್ಕೂ ಆಮೇಲಿನದು. ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. 1746ರಲ್ಲಿ ಪುಸ್ತಕ ವ್ಯಾಪಾರಿಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಅವನು, ಲಂಡನ್ನಿನ ಗಫ್ ಸ್ಕ್ವೇರ್‌ನ ಮನೆಯ ಅಟ್ಟದಲ್ಲಿ ಆರು ಮಂದಿ ಬರಹಗಾರರನ್ನು ಕೂರಿಸಿಕೊಂಡು ಕೆಲಸಕ್ಕೆ ತೊಡಗಿದ. ಪುಸ್ತಕಗಳನ್ನು ಓದುತ್ತ ಬೇಕಾದ ವಾಕ್ಯಗಳಿಗೆ ಸೀಸದ ಕಡ್ಡಿಯಿಂದ ಗುರುತು ಹಾಕುವುದು ಅವನ ಕೆಲಸ, ಅವನ್ನು ಚೀಟಿಗಳಿಗೆ ಇಳಿಸುವುದು ಬರಹಗಾರರ ಕೆಲಸ. 1755ರ ಏಪ್ರಿಲ್‌ನಲ್ಲಿ ಎರಡು ಭಾರಿ ಸಂಪುಟಗಳಲ್ಲಿ ನಿಘಂಟು ಹೊರಬಿದ್ದಾಗ ಅದರಲ್ಲಿ 40,000ಕ್ಕೂ ಹೆಚ್ಚು ಪದಗಳೂ ಒಂದು ಲಕ್ಷಕ್ಕೂ ಮಿಕ್ಕಿದ ಪ್ರಯೋಗಗಳೂ ಇದ್ದವು. ‘ಟೇಕ್’ ಎಂಬ ಕ್ರಿಯಾಪದವೊಂದರಲ್ಲೇ ಅವನು 134 ಅರ್ಥಗಳನ್ನು ಬಿಡಿಸಿಟ್ಟಿದ್ದ.

ಆದರೆ ಅದರ ಮುನ್ನುಡಿಯಲ್ಲಿ ಯೋಜನಾಪತ್ರದ ಆತ್ಮವಿಶ್ವಾಸ ಉಳಿದಿಲ್ಲ. ಬರುವುದು, ಹೋಗುವುದು, ಕೊಡುವುದು, ತೆಗೆದುಕೊಳ್ಳುವುದು, ಇಡುವುದು, ಮಾಡುವುದು ಎಂಬಂಥ ಕ್ರಿಯಾಪದಗಳೇ ತನ್ನನ್ನು ಹೆಚ್ಚು ಕಾಡಿದವು ಎಂದು ಜಾನ್ಸನ್ ಅಲ್ಲಿ ಬರೆಯುತ್ತಾನೆ. ಅರ್ಥಗಳನ್ನು ವಂಶವೃಕ್ಷದಂತೆ ಒಂದರ ಕೆಳಗೊಂದು ಇಡಬೇಕೆಂದಿದ್ದವನಿಗೆ, ಅವು ನೇರ ಸಾಲಿನಲ್ಲಿ ಇಳಿದು ಬರದೆ ಅಕ್ಕಪಕ್ಕದಲ್ಲಿ ಕವಲೊಡೆದು ಮತ್ತೆ ಹೆಣೆದುಕೊಳ್ಳುತ್ತವೆ ಎಂಬುದು ಮನದಟ್ಟಾಗಿತ್ತು. ಭಾಷೆಯನ್ನು ಆಳಲು ಹೊರಟವನು ಭಾಷೆಯಿಂದ ಕಲಿತು ಬಂದ ಈ ಸಂದರ್ಭ ನಿಘಂಟುಗಾರಿಕೆಯ ಚರಿತ್ರೆಯಲ್ಲಿ ಬಹು ಮುಖ್ಯವಾದದ್ದು. ಮೂಲಾರ್ಥವನ್ನು ತರ್ಕದಿಂದ ಊಹಿಸಿ ಉಳಿದವನ್ನು ಅದರ ಕೆಳಗೆ ಜೋಡಿಸಿದರೆ ಸಾಲದು. ಪದ ನಿಜವಾಗಿ ಎಲ್ಲೆಲ್ಲಿ ತಿರುಗಾಡಿತು ಎಂದು ಸಾಕ್ಷ್ಯ ಸಮೇತ ನೋಡಬೇಕು ಎಂಬ ಪಾಠ ಅಲ್ಲಿದೆ.

ಪದಗಳ ತಿರುಗಾಟ ಎಂಥದ್ದು ಎಂಬುದಕ್ಕೆ ‘ಚೆಕ್’ ಪದವನ್ನೇ ನೋಡಬಹುದು. ಇಂದು ಕನ್ನಡಿಗರ ಬಾಯಲ್ಲೂ ಅದು ನಾಲ್ಕಾರು ಅರ್ಥಗಳಲ್ಲಿ ಓಡಾಡುತ್ತಿದೆ: ಬ್ಯಾಂಕಿನ ಚೆಕ್, ಗಡಿಯ ಚೆಕ್‌ಪೋಸ್ಟ್, ಚೆಕ್ಸ್ ಲುಂಗಿ, ಲೆಕ್ಕವನ್ನು ಚೆಕ್ ಮಾಡುವುದು, ಚದುರಂಗದಲ್ಲಿ ರಾಜನಿಗೆ ಕೊಡುವ ಚೆಕ್. ಇವುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುತ್ತದೆ. ಮೂಲ ಇರುವುದು ಚದುರಂಗದಲ್ಲಿ. ಭಾರತದಿಂದ ಪರ್ಷಿಯಾಕ್ಕೆ ಹೋದ ಆ ಆಟದಲ್ಲಿ ರಾಜನಿಗೆ ಅಪಾಯ ಬಂದಾಗ ‘ಶಾಹ್’, ಅಂದರೆ ರಾಜ, ಎಂದು ಕೂಗಿ ಎಚ್ಚರಿಸುತ್ತಿದ್ದರು. ಆಟ ಅರಬರ ಮೂಲಕ ಯುರೋಪನ್ನು ಮುಟ್ಟಿದಾಗ ಆ ಕೂಗೂ ಜೊತೆಗೆ ಹೋಯಿತು. ಹಳೆಯ ಫ್ರೆಂಚಿನಲ್ಲಿ ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ‘ಚೆಕ್’ ಆಗಿ ಬಂತು. ರಾಜನ ನಡೆಗೆ ತಡೆ ಬಿದ್ದದ್ದರಿಂದ ತಡೆ ಎಂಬ ಅರ್ಥ ಹುಟ್ಟಿತು. ತಡೆದು ನಿಲ್ಲಿಸಿ ನೋಡುವುದರಿಂದ ಪರಿಶೀಲನೆ ಎಂಬ ಅರ್ಥ ಬಂತು. ಇನ್ನೊಂದು ಕವಲು ಆಟದ ಹಾಸಿನಿಂದ ಹೊರಟಿತು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಖಜಾನೆಯ ಲೆಕ್ಕ ನಡೆಯುತ್ತಿದ್ದದ್ದು ಚೌಕಳಿ ಬಟ್ಟೆ ಹಾಸಿದ ಮೇಜಿನ ಮೇಲೆ. ಎರಡನೆಯ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಆ ಇಲಾಖೆಯ ಬಗ್ಗೆ ಬರೆದ ಗ್ರಂಥದಲ್ಲಿ ಮೇಜಿನ ಅಳತೆಯನ್ನೂ ಕೊಟ್ಟಿದ್ದಾನೆ: ಸುಮಾರು 10 ಅಡಿ ಉದ್ದ, 5 ಅಡಿ ಅಗಲ. ಸೊನ್ನೆಯಿಲ್ಲದ ರೋಮನ್ ಅಂಕಿಗಳಿಂದ ಕೂಡುವುದು ಕಳೆಯುವುದು ಕಷ್ಟವಾದ್ದರಿಂದ ಗೆರೆಗಳ ನಡುವೆ ಬಿಲ್ಲೆಗಳನ್ನಿಟ್ಟು ಎಣಿಸುತ್ತಿದ್ದರು. ಚದುರಂಗದ ಹಾಸಿನ ಹೋಲಿಕೆಯಿಂದ ಆ ಕಚೇರಿಗೆ ‘ಎಕ್ಸ್‌ಚೆಕರ್’ ಎಂಬ ಹೆಸರು ಬಿತ್ತು. ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿಯಲ್ಲಿ ಅದು ಇವತ್ತಿಗೂ ಉಳಿದಿದೆ. ಚೌಕಳಿಯ ಬಟ್ಟೆಗೂ ಅದೇ ಕುಟುಂಬದ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಹಣದ ಪತ್ರಗಳಲ್ಲಿ ಮೋಸವಾಗದಂತೆ ತಡೆಯಲು ಇಟ್ಟುಕೊಳ್ಳುತ್ತಿದ್ದ ಪಡಿಹಾಳೆಗೆ ‘ಚೆಕ್’ ಎಂದರು. ಬರಬರುತ್ತ ಆ ಹೆಸರು ಹಣದ ಪತ್ರಕ್ಕೇ ನಿಂತಿತು. ಬ್ರಿಟನ್ನಿನಲ್ಲಿ ಅದರ ಕಾಗುಣಿತ ಬೇರೆಯಾದದ್ದು ಎಕ್ಸ್‌ಚೆಕರಿನ ಪ್ರಭಾವದಿಂದ. ಒಂದು ಆಟ, ಒಂದು ಖಜಾನೆ, ಒಂದು ನೇಯ್ಗೆ, ಒಂದು ಬ್ಯಾಂಕ್ ವ್ಯವಸ್ಥೆ ಈ ನಾಲ್ಕರ ಚರಿತ್ರೆಯನ್ನು ಬಲ್ಲವನಿಗೆ ‘ಚೆಕ್’ನ ಅರ್ಥಗಳಲ್ಲಿ ಗೊಂದಲವೇ ಇಲ್ಲ.

‘ಬೋರ್ಡ್’ ಪದದ್ದೂ ಅಂಥದೇ ಕಥೆ. ಹಳೆಯ ಇಂಗ್ಲಿಷಿನಲ್ಲಿ ಅದು ಹಲಗೆ. ಹಡಗಿನ ಪಕ್ಕದ ಗೋಡೆಯೂ ಹೌದು. ಹಲಗೆಯನ್ನು ಆಧಾರದ ಮೇಲಿಟ್ಟರೆ ಊಟದ ಮೇಜಾಯಿತು. ಮೇಜಿನಿಂದ ಊಟವೇ ‘ಬೋರ್ಡ್’ ಆಯಿತು. ಊಟ ಹಾಕಿ ಇರಿಸಿಕೊಳ್ಳುವ ಶಾಲೆ ಬೋರ್ಡಿಂಗ್ ಶಾಲೆ, ಊಟ ವಸತಿ ಎರಡೂ ಸಿಗುವ ಜಾಗ ನಮ್ಮ ಪೇಟೆಗಳ ಬೋರ್ಡಿಂಗ್ ಲಾಡ್ಜಿಂಗ್. ಅದೇ ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರ ಸಮಿತಿಯೂ ‘ಬೋರ್ಡ್’ ಎನಿಸಿಕೊಂಡಿತು. ಹಡಗಿನ ಗೋಡೆಯ ಅರ್ಥ ಹಡಗು ಹತ್ತುವುದಕ್ಕೆ ಹಬ್ಬಿ, ಅಲ್ಲಿಂದ ರೈಲಿಗೂ ವಿಮಾನಕ್ಕೂ ದಾಟಿತು. ಕರ್ನಾಟಕದಲ್ಲಿ ಈ ಕವಲುಗಳೆಲ್ಲ ಒಟ್ಟಿಗೇ ಬಂದಿಳಿದಿವೆ. ಬಸ್ಸಿನ ಬೋರ್ಡು ಓದಿ, ಬೋರ್ಡ್ ಪರೀಕ್ಷೆ ಬರೆದು, ಕ್ಯಾರಂ ಬೋರ್ಡಿನಲ್ಲಿ ಆಡುವ ನಮ್ಮ ಜನ, 1999ರಲ್ಲಿ ವಿದ್ಯುತ್ ಮಂಡಳಿ ನಿಗಮವಾಗಿ ಬದಲಾದ ಮೇಲೂ ಕರೆಂಟು ಹೋದರೆ ‘ಕೆಇಬಿ’ಯವರಿಗೆ ಫೋನ್ ಮಾಡುತ್ತಾರೆ; ಆ ಮೂರಕ್ಷರಗಳ ಕೊನೆಯಲ್ಲಿರುವುದೂ ಅದೇ ಹಲಗೆ. ಹೊಸ ಸಂಸ್ಥೆ, ಹೊಸ ಯಂತ್ರ, ಹೊಸ ವ್ಯವಹಾರ ಬಂದಾಗ ಜನ ಸಾಮಾನ್ಯವಾಗಿ ಹೊಸ ಪದವನ್ನು ಹುಟ್ಟಿಸಲು ಹೋಗುವುದಿಲ್ಲ. ಕೈಗೆ ಸಿಗುವ ಹಳೆಯ ಪದವನ್ನೇ ಅದಕ್ಕೆ ಒದಗಿಸುತ್ತಾರೆ. ಹೆಚ್ಚು ಬಳಕೆಯ ಪದ ಹೆಚ್ಚು ಬೇಗ ಕೈಗೆ ಸಿಗುವುದರಿಂದ ಅದರ ಅರ್ಥಗಳೇ ಹೆಚ್ಚು ಬೆಳೆಯುತ್ತವೆ. ಅಮೆರಿಕದ ಜಾರ್ಜ್ ಕಿಂಗ್‌ಸ್ಲಿ ಜಿಫ್ 1945ರಲ್ಲಿ ಈ ನಂಟನ್ನು ಲೆಕ್ಕಕ್ಕೆ ಇಳಿಸಿದ: ಪದವೊಂದರ ಅರ್ಥಗಳ ಸಂಖ್ಯೆ ಸ್ಥೂಲವಾಗಿ ಅದರ ಬಳಕೆಯ ಪ್ರಮಾಣದ ವರ್ಗಮೂಲವನ್ನು ಅನುಸರಿಸುತ್ತದೆ ಎಂದು.

ಈ ಚರಿತ್ರೆಯನ್ನು ಸಾಕ್ಷ್ಯದೊಂದಿಗೆ ಬರೆಯಬೇಕೆಂಬ ಸಂಕಲ್ಪ ರೂಪುಗೊಂಡದ್ದು 1857ರ ನವೆಂಬರಿನಲ್ಲಿ. ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ರಿಚರ್ಡ್ ಚೆನೆವಿಕ್ಸ್ ಟ್ರೆಂಚ್ ಇಂಗ್ಲಿಷ್ ನಿಘಂಟುಗಳ ಕೊರತೆಗಳ ಬಗ್ಗೆ ಎರಡು ಪ್ರಬಂಧಗಳನ್ನು ಓದಿದ. ನಿಘಂಟುಕಾರ ಭಾಷೆಯ ತೀರ್ಪುಗಾರನಾಗಬಾರದು, ಅದರ ಚರಿತ್ರಕಾರನಾಗಬೇಕು ಎಂಬುದು ಅವನ ನಿಲುವು. ಜರ್ಮನಿಯಲ್ಲಿ ಫ್ರಾಂಜ್ ಪಾಸೊ ಗ್ರೀಕ್ ಭಾಷೆಗೂ ಗ್ರಿಮ್ ಸೋದರರು ಜರ್ಮನ್ ಭಾಷೆಗೂ ಇದೇ ದಾರಿ ಹಿಡಿದಿದ್ದರು. ಅರ್ಥವೊಂದು ಮೊದಲು ಯಾವ ವರ್ಷದ ಬರಹದಲ್ಲಿ ಕಂಡಿತು, ಹೇಗೆ ಬೆಳೆಯಿತು, ಸತ್ತಿದ್ದರೆ ಕೊನೆಗೆ ಎಲ್ಲಿ ಕಂಡಿತು ಎಂಬುದನ್ನು ಪ್ರಯೋಗಗಳ ಮೂಲಕವೇ ತೋರಿಸಬೇಕು. ಇದಕ್ಕೆ ಓದುಗರ ಪಡೆಯೇ ಬೇಕಿತ್ತು. ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಎನಿಸಿದ ಈ ನಿಘಂಟಿನ ಮೊದಲ ಸಂಪಾದಕನಾದ ಹರ್ಬರ್ಟ್ ಕೋಲ್‌ರಿಜ್ ಓದುಗರ ಚೀಟಿಗಳನ್ನಿಡಲು 54 ಗೂಡುಗಳ ಕಪಾಟು ಮಾಡಿಸಿದ್ದ. 1861ರಲ್ಲಿ, 30ರ ವಯಸ್ಸಿಗೇ ತೀರಿಕೊಂಡ. 1879ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದ ಜೊತೆ ಒಪ್ಪಂದವಾಗಿ ಜೇಮ್ಸ್ ಮರ್ರೆ ಸಂಪಾದಕನಾದಾಗ ಅವನಿಗೆ ಬಂದು ಸೇರಿದ ಚೀಟಿಗಳ ತೂಕ ಸುಮಾರು ಎರಡು ಟನ್. ಮರ್ರೆ ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗ, 14ನೆಯ ವಯಸ್ಸಿಗೆ ಶಾಲೆ ಬಿಟ್ಟವನು, ಸ್ವಂತ ಓದಿನಿಂದ ಮೇಲೆ ಬಂದ ಶಾಲಾಮಾಸ್ತರ. ತನ್ನ ಅಂಗಳದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ ಅದರಲ್ಲಿ ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಮಾಡಿಸಿದ.

ಚೀಟಿಗಳನ್ನು ವಿಂಗಡಿಸಿದಾಗ ಅವನಿಗೆ ಕಂಡದ್ದು ಕಾಡ್ರಿಯ ಕಾಲದ ಅದೇ ಹಳೆಯ ಒಲವು. ಅಪರೂಪದ ‘ಅಬ್ಯೂಷನ್’ ಎಂಬ ಪದಕ್ಕೆ ಸುಮಾರು 50 ಪ್ರಯೋಗಗಳಿದ್ದವು; ಎಲ್ಲರೂ ಬಳಸುವ ‘ಅಬ್ಯೂಸ್’ಗೆ ಐದೂ ಇರಲಿಲ್ಲ. ಓದುಗರ ಕಣ್ಣು ವಿಚಿತ್ರವಾದದ್ದರ ಮೇಲೆ ನಿಲ್ಲುತ್ತಿತ್ತು, ಸಾಮಾನ್ಯವಾದದ್ದರ ಮೇಲಿಂದ ಜಾರುತ್ತಿತ್ತು. ಹಾಗಾಗಿ ಮರ್ರೆ 1879ರಲ್ಲಿ ಇಂಗ್ಲಿಷ್ ಬಲ್ಲ ಸಾರ್ವಜನಿಕರಿಗೆಲ್ಲ ಮನವಿ ಮಾಡಿಕೊಂಡಾಗ ಸಾಮಾನ್ಯ ಪದಗಳ ಪ್ರಯೋಗಗಳನ್ನೂ ಕಳುಹಿಸಿ ಎಂದು ಕೇಳಬೇಕಾಯಿತು. ಬಂದ ಚೀಟಿಗಳನ್ನು ಅವನೂ ಅವನ ಸಹಾಯಕರೂ ಮೇಜಿನ ಮೇಲೆ ಅರ್ಥವಾರು ಕಂತೆಗಳಾಗಿ ಹರಡುತ್ತಿದ್ದರು. ಹೊಸ ಚೀಟಿಯೊಂದು ಯಾವ ಕಂತೆಗೂ ಸೇರದಿದ್ದರೆ ಹೊಸ ಕಂತೆ, ಎಷ್ಟೋ ಸಲ ಇಡೀ ಜೋಡಣೆಯೇ ಹೊಸದು. ಹತ್ತು ವರ್ಷದಲ್ಲಿ ಮುಗಿಯುತ್ತದೆಂದು ಅಂದಾಜು ಮಾಡಿದ ಕೆಲಸದಲ್ಲಿ ಐದು ವರ್ಷ ಕಳೆದಾಗ ‘ಆಂಟ್’ ಪದದವರೆಗೆ ಮಾತ್ರ ತಲುಪಿದ್ದರು. ಆ ಮೊದಲ ಕಂತು ಪ್ರಕಟವಾದದ್ದು 1884ರಲ್ಲಿ. ಮರ್ರೆ 1915ರಲ್ಲಿ ತೀರಿಕೊಂಡ. ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ, ಚಾರ್ಲ್ಸ್ ಆನಿಯನ್ಸ್ ಕೆಲಸ ಮುಂದುವರಿಸಿದರು. 1928ರಲ್ಲಿ ಮುಗಿದಾಗ ನಿಘಂಟಿನಲ್ಲಿದ್ದದ್ದು 4,14,825 ಪದಗಳು, 18,27,306 ಪ್ರಯೋಗಗಳು. ಆ ಪ್ರಯೋಗಗಳನ್ನು ಆರಿಸಿದ್ದು ಸಾವಿರಾರು ಸ್ವಯಂಸೇವಕರು ಕಳುಹಿಸಿದ ಸುಮಾರು 50 ಲಕ್ಷ ಚೀಟಿಗಳಿಂದ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಕಂತೆ ಮಾಡುವವನು ಮನುಷ್ಯನೇ ತಾನೆ? ಒಬ್ಬ ಎರಡಾಗಿ ಒಡೆಯುವ ಅರ್ಥವನ್ನು ಇನ್ನೊಬ್ಬ ಒಂದಾಗಿ ಕಟ್ಟಬಹುದು. ಆಕ್ಸ್‌ಫರ್ಡ್ ನಿಘಂಟಿನ ಈಗಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ‘ಸೆಟ್’ನ ಹಳೆಯ ದಾಖಲೆಯನ್ನು ಹಿಂದಿಕ್ಕಿದೆ ಎಂದು 2011ರಲ್ಲಿ ಸುದ್ದಿಯಾಯಿತು, ಅದೇ ಪದಕ್ಕೆ ವಿದ್ಯಾರ್ಥಿಗಳ ನಿಘಂಟೊಂದು ನಲವತ್ತೋ ಐವತ್ತೋ ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಹಾಗಾದರೆ ಈ ಸಂಖ್ಯೆಗಳೆಲ್ಲ ಕಲ್ಪನೆಯೇ ಎಂದು ಕೇಳಬಹುದು. ಸಂಖ್ಯೆ ಕಸುಬುದಾರನ ತೀರ್ಮಾನವೆಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಒಂದು ನದಿಗೆ ಎಷ್ಟು ತಿರುವುಗಳಿವೆ ಎಂಬುದು ನಕ್ಷೆಯ ಅಳತೆಯನ್ನು ಅವಲಂಬಿಸಿರುತ್ತದೆ; ಹಾಗೆಂದು ನದಿ ತಿರುಗುವುದೇ ಇಲ್ಲ ಎನ್ನಲಾಗದು. ಮನುಷ್ಯ ಓಡುವುದು, ನೀರು ಹರಿಯುವುದು, ಗಿರಣಿ ನಡೆಯುವುದು, ಚುನಾವಣೆಗೆ ನಿಲ್ಲುವುದು ಇವು ಬೇರೆ ಬೇರೆ ಎಂಬುದಕ್ಕೆ ನಿಘಂಟುಕಾರನ ಅಪ್ಪಣೆ ಬೇಕಿಲ್ಲ. ಅವುಗಳಲ್ಲಿ ಯಾವುದು ಯಾವಾಗ ಬಂತು ಎಂಬುದನ್ನು ತೇದಿಯಿರುವ ಪ್ರಯೋಗಗಳೇ ಹೇಳುತ್ತವೆ. ಸಾಕ್ಷ್ಯ ಓದುಗನ ಮುಂದೆಯೇ ಇರುವುದರಿಂದ, ವಿಂಗಡಣೆಯನ್ನು ಒಪ್ಪದವನು ಬೇರೆ ರೀತಿಯಲ್ಲಿ ವಿಂಗಡಿಸಿ ನೋಡಬಹುದು. ಚರಿತ್ರೆಯ ಯಾವ ಬರವಣಿಗೆಗೂ ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆ ಸಾಧ್ಯವಿಲ್ಲ.

ಇನ್ನೊಂದು ಆಕ್ಷೇಪಣೆ: ಹಲವು ಅರ್ಥಗಳಲ್ಲಿ ಕೆಲವು ಬರಿಯ ಆಕಸ್ಮಿಕವಲ್ಲವೆ? ಕ್ರಿಕೆಟ್ ಬ್ಯಾಟಿಗೂ ಬಾವಲಿಗೂ ಇಂಗ್ಲಿಷಿನಲ್ಲಿ ಹೆಸರು ಒಂದೇ. ಮೊದಲನೆಯದು ದೊಣ್ಣೆ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ಎರಡನೆಯದು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದ ‘ಬಕ್ಕ’ ಎಂಬ ಬೇರೆಯೇ ಪದದ ಮಾರ್ಪಾಟು. ಇಲ್ಲಿ ಅರ್ಥ ಕವಲೊಡೆದಿಲ್ಲ, ಎರಡು ಪದಗಳ ಉಚ್ಚಾರಣೆ ಒಂದಾಗಿದೆ. ಈ ಆಕ್ಷೇಪಣೆ ನಮ್ಮ ವಾದಕ್ಕೆ ಬಲವನ್ನೇ ಕೊಡುತ್ತದೆ. ಒಂದೇ ಪದದ ಎರಡು ಅರ್ಥ ಯಾವುದು, ಒಂದೇ ಉಚ್ಚಾರಣೆಯ ಎರಡು ಪದ ಯಾವುದು ಎಂದು ಬೇರ್ಪಡಿಸಲು ಚರಿತ್ರೆಯೊಂದೇ ದಾರಿ. ‘ಸೆಟ್’ನಲ್ಲಂತೂ ಎರಡೂ ಬೆರೆತಿವೆ: ಇಡುವುದು ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದವೂ, ಗುಂಪು ಎಂಬರ್ಥದಲ್ಲಿ ಹಳೆಯ ಫ್ರೆಂಚಿನಿಂದ ಬಂದ, ಪಂಥ ಎಂಬುದಕ್ಕೆ ಹತ್ತಿರವಾದ ನಾಮಪದವೂ ಸೇರಿ ಒಂದರೊಳಗೊಂದು ಕರಗಿವೆ.

ಮೂರನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ಪದದ ಹಳೆಯ ಕಥೆ ಇಂದಿನ ಬಳಕೆಗೆ ಏನನ್ನೂ ಹೇಳುವುದಿಲ್ಲ, ಕೆಲವೊಮ್ಮೆ ದಾರಿ ತಪ್ಪಿಸುತ್ತದೆ ಎಂಬುದು. 1998ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಯೊಂದು ಇದಕ್ಕೆ ನಿದರ್ಶನ. ಮಾದಕ ವಸ್ತುವಿನ ಅಪರಾಧದ ವೇಳೆ ಬಂದೂಕನ್ನು ‘ಕ್ಯಾರಿ’ ಮಾಡಿದರೆ ಐದು ವರ್ಷ ಹೆಚ್ಚುವರಿ ಶಿಕ್ಷೆ ಎಂದು ಕಾನೂನು ಹೇಳುತ್ತಿತ್ತು. ಬಂದೂಕು ವಾಹನದ ಬೀಗ ಹಾಕಿದ ಖಾನೆಯಲ್ಲಿತ್ತು, ಆರೋಪಿಯ ಮೈಮೇಲೆ ಇರಲಿಲ್ಲ. ‘ಕ್ಯಾರಿ’ ಹುಟ್ಟಿದ್ದೇ ಗಾಡಿ ಎಂಬ ಪದದಿಂದ, ಆಕ್ಸ್‌ಫರ್ಡ್ ನಿಘಂಟು ಮೊದಲು ಕೊಡುವುದೂ ವಾಹನದಲ್ಲಿ ಸಾಗಿಸುವ ಅರ್ಥವನ್ನೇ ಎಂಬುದನ್ನು ಬಹುಮತದ ತೀರ್ಪು ತನ್ನ ಆಧಾರಗಳಲ್ಲಿ ಒಂದಾಗಿ ಎತ್ತಿ ಹೇಳಿತು. ತೀರ್ಪು ಬಂದದ್ದು ಐದಕ್ಕೆ ನಾಲ್ಕರ ಬಹುಮತದಿಂದ. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತ ಬರೆದರು. ತೀರ್ಪಿನ ಫಲ ಸರಿಯೋ ತಪ್ಪೋ, ನಿಘಂಟಿನಲ್ಲಿ ಮೊದಲು ಬರುವ ಅರ್ಥವನ್ನು ಮುಖ್ಯಾರ್ಥವೆಂದು ಓದಿದ್ದು ಮಾತ್ರ ತಪ್ಪು. ಚಾರಿತ್ರಿಕ ನಿಘಂಟಿನಲ್ಲಿ ಮೊದಲ ಸ್ಥಾನ ಹಳೆಯದಕ್ಕೆ ಸಲ್ಲುತ್ತದೆ, ಪ್ರಬಲವಾದದ್ದಕ್ಕಲ್ಲ. ಇಂದಿನ ಬಳಕೆಯನ್ನು ತಿಳಿಯಲು ಬೇರೆ ಸಾಧನಗಳೇ ಇವೆ: ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1987ರಲ್ಲಿ ಬಂದ ಕೊಬಿಲ್ಡ್ ನಿಘಂಟು ಲಕ್ಷಗಟ್ಟಲೆ ಪದಗಳ ಪಠ್ಯರಾಶಿಯನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಬಳಕೆಯ ಪ್ರಮಾಣಕ್ಕೆ ಮಹತ್ವ ಕೊಟ್ಟಿತು. ಜನ ‘ಟೇಕ್’ ಅನ್ನು ಹೆಚ್ಚಾಗಿ ಬಳಸುವುದು ಕೈಯಿಂದ ಹಿಡಿದು ತೆಗೆದುಕೊಳ್ಳುವ ಅರ್ಥದಲ್ಲಲ್ಲ, ಇತರ ಪದಗಳ ಜೊತೆ ಸೇರಿ ತನ್ನ ಭಾರವನ್ನು ಕಳೆದುಕೊಂಡ ರೂಪದಲ್ಲಿ ಎಂಬಂಥ ಸಂಗತಿಗಳು ಆಗ ಎದ್ದು ಕಂಡವು. ಒಂದು ನಿಘಂಟು ಅರ್ಥ ಎಲ್ಲಿಂದ ಬಂತು ಎನ್ನುತ್ತದೆ, ಇನ್ನೊಂದು ಈಗ ಎಲ್ಲಿದೆ ಎನ್ನುತ್ತದೆ. ಮೊದಲನೆಯದನ್ನು ಎರಡನೆಯದೆಂದು ಓದಿದವರ ತಪ್ಪಿಗೆ ಚರಿತ್ರೆಯನ್ನು ಬಿಟ್ಟುಬಿಡುವುದು ಮದ್ದಲ್ಲ. ಚರಿತ್ರೆಯನ್ನು ಚರಿತ್ರೆಯಾಗಿ ಓದುವುದೇ ಮದ್ದು.

ಇಷ್ಟೊಂದು ಅರ್ಥ ಹೊರುವುದು ಇಂಗ್ಲಿಷಿಗೆ ಮಾತ್ರ ಇರುವ ಸಾಮರ್ಥ್ಯ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಅದು ಭಾಷೆಯ ಹಿರಿಮೆಯ ಮಾತಲ್ಲ, ನಿಘಂಟಿನ ಆಳದ ಮಾತು. ಕನ್ನಡದ ‘ಹಿಡಿ’ಯನ್ನು ನೋಡಿ: ಕಳ್ಳನನ್ನು ಹಿಡಿಯುತ್ತಾರೆ, ಮಳೆ ಹಿಡಿಯುತ್ತದೆ, ಮಗು ಹಟ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಊರಿನ ದಾರಿ ಹಿಡಿಯುತ್ತೇವೆ, ಕೆಲಸಕ್ಕೆ ಹೊತ್ತು ಹಿಡಿಯುತ್ತದೆ, ಸಂಬಳದಲ್ಲಿ ಮುಂಗಡ ಹಿಡಿದುಕೊಳ್ಳುತ್ತಾರೆ, ಕೊಡಲಿಗೆ ಹಿಡಿ ಹಾಕುತ್ತಾರೆ, ಒಂದು ಹಿಡಿ ಅಕ್ಕಿ ಕೊಡುತ್ತಾರೆ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಫರ್ಡಿನೆಂಡ್ ಕಿಟೆಲ್ ನಿಘಂಟು ಕಾವ್ಯಗಳ ಜೊತೆಗೆ ಗಾದೆಮಾತುಗಳನ್ನೂ ಆಧಾರವಾಗಿಟ್ಟುಕೊಂಡು ಇಂಥ ಪದಗಳಿಗೆ ಗೌರವ ಕೊಟ್ಟಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಆಕ್ಸ್‌ಫರ್ಡ್ ನಿಘಂಟಿನ ಚಾರಿತ್ರಿಕ ಕ್ರಮವನ್ನೇ ಕನ್ನಡಕ್ಕೆ ತಂದು, ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆರಿಸಿತು. 1970ರಲ್ಲಿ ಮೊದಲ ಸಂಪುಟ, 1995ರಲ್ಲಿ ಕೊನೆಯದು. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥವರು ಆಯುಷ್ಯವನ್ನೇ ಅದಕ್ಕೆ ತೆತ್ತರು. ಇಂಗ್ಲಿಷಿನ ಸಣ್ಣ ಪದಗಳ ಅರ್ಥಸಂಪತ್ತು ನಮಗೆ ಬೆರಗು ಹುಟ್ಟಿಸುವುದು ಅಲ್ಲಿ ಎಣಿಕೆ ಇಂದಿಗೂ ನಿಂತಿಲ್ಲವಾದ್ದರಿಂದ.

ಇಂಗ್ಲಿಷ್ ಕಲಿಸುವ ನಮ್ಮ ಪದ್ಧತಿಯೂ ಈ ಚರಿತ್ರೆಯಿಂದ ಕಲಿಯಬೇಕಾದದ್ದಿದೆ. ಒಂದು ಪದಕ್ಕೆ ಎದುರಾಗಿ ಒಂದು ಅರ್ಥ ಬರೆಸಿ ಬಾಯಿಪಾಠ ಮಾಡಿಸುವುದು, ಉದ್ದುದ್ದ ಕಠಿಣ ಪದಗಳ ಪಟ್ಟಿ ಕೊಡುವುದು 1604ರ ಕಾಡ್ರಿಯ ಕ್ರಮವೇ. ಮಗು ಮುಂದೆ ಮುಗ್ಗರಿಸುವುದು ‘ಟೇಕ್’, ‘ಸೆಟ್’, ‘ರನ್’, ‘ಬೋರ್ಡ್’ಗಳ ಮೇಲೆ. ಈ ಪದಗಳ ಅರ್ಥಗಳು ಹಲಗೆಯಿಂದ ಮೇಜಿಗೆ, ಮೇಜಿನಿಂದ ಸಮಿತಿಗೆ ಎಂದು ಕಾರಣಸಹಿತವಾಗಿ ಬೆಳೆದವು ಎಂದು ತಿಳಿದರೆ ಅದು ಅವನ್ನು ನೆನಪಿಡುವುದಷ್ಟೇ ಅಲ್ಲ, ಹೊಸ ಸಂದರ್ಭದಲ್ಲಿ ಊಹಿಸಲೂ ಕಲಿಯುತ್ತದೆ. ಅಷ್ಟೇ ಮುಖ್ಯವಾದದ್ದು ನಮ್ಮ ಭಾಷೆಯ ವಿಷಯದಲ್ಲಿ ಆಗಬೇಕಾದ ಕೆಲಸ. ಕನ್ನಡದ ಸಾಮಾನ್ಯ ಕ್ರಿಯಾಪದಗಳಿಗೆ ಕಾರ್ಖಾನೆ, ಸಿನಿಮಾ, ಮೊಬೈಲು, ಆಡಳಿತ ಇವೆಲ್ಲ ದಿನವೂ ಹೊಸ ಅರ್ಥಗಳನ್ನು ಕೂಡಿಸುತ್ತಿವೆ, ಮತ್ತು ನಾವು ಆಡುವ ಮಾತಾದ್ದರಿಂದಲೇ ಅವು ನಮ್ಮ ಗಮನಕ್ಕೆ ಬಾರದೆ ಜಾರಿಹೋಗುತ್ತವೆ. ಸಾಮಾನ್ಯವಾದದ್ದನ್ನು ಬರೆದಿಡಲು ಅಪಾರ ಶ್ರದ್ಧೆಯೂ ಸಂಘಟನೆಯೂ ಬೇಕು ಎಂಬುದನ್ನು ಜಾನ್ಸನ್ ಒಂಟಿಯಾಗಿ ಹೆಣಗಿ ಕಂಡುಕೊಂಡ. ಮರ್ರೆ ಸಾವಿರಾರು ಜನರ ನೆರವಿನಿಂದ ಅದನ್ನು ಸಾಧಿಸಿ ತೋರಿಸಿದ. ನಮ್ಮ ವಿಶ್ವವಿದ್ಯಾಲಯಗಳೂ ಪರಿಷತ್ತೂ ಓದುಗರನ್ನು ಜೊತೆಗೆ ಕರೆದುಕೊಂಡು ಪ್ರಯೋಗ ಸಂಗ್ರಹವನ್ನು ಮತ್ತೆ ಆರಂಭಿಸಬೇಕು, ಅದೂ ದಿನಬಳಕೆಯ ಪದಗಳಿಂದಲೇ ಆರಂಭಿಸಬೇಕು.